ಅತ್ತೆಯ ಹೆಸರಿಗೆ ಬಂದ ಕಾರ್ಡುಗಳು

ನನ್ನ ಹೆಸರೂ ನನ್ನ ಅತ್ತೆಯ ಹೆಸರೂ ಒಂದೇ ಆಗಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಬಾದಾಮಿಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗ ಅತ್ತೆ ತೆಗೆದ ತಕರಾರು ಇದೊಂದೇ. ವರದಕ್ಷಿಣೆಯ ಮಾತಿಲ್ಲ, ಬಣ್ಣದ ಮಾತಿಲ್ಲ, ಹುಡುಗಿ ಪಿಎಚ್‌ಡಿ ಮಾಡಿದ್ದಾಳೆ ಎಂಬ ಅಂಜಿಕೆಯೂ ಇಲ್ಲ. "ನಾಳೆ ಸೊಸಿಗೆ ಬೈಬೇಕಂದ್ರ ನನ್ನ ಹೆಸರ ನಾನ ಹಿಡದು ಬೈಕೊಳ್ಳೇನ್ರಿ?" ಎಂದು ಕೇಳಿದರು. ನಮ್ಮ ತಂದೆ ನಕ್ಕುಬಿಟ್ಟರು. ಒಳಗೆ ಕೂತ ನಾನೂ ನಕ್ಕೆ. ಮದುವೆಯ ದಿನ ಅಕ್ಕಿ ಹರವಿದ ತಟ್ಟೆಯಲ್ಲಿ ನನ್ನ ಗಂಡ ಉಂಗುರದಿಂದ ಬೇರೊಂದು ಹೆಸರು ಬರೆದರು. ಅಡ್ಡಹೆಸರು ಹೇಗೂ ಬದಲಾಗುವುದೇ. ಅದರ ಜೊತೆಗೆ ಹೆಸರೂ ಹೋಯಿತು. ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾವುದು ನಾನು ಎಂಬ ಜಗಳ ಮತ್ತೆ ಶುರುವಾದೀತು.

ಹಳೆಯ ಹೆಸರಿನಲ್ಲಿ ನಾನು ಕಲ್ಲುಹೂವಿನ ಮೇಲೆ ಕೆಲಸ ಮಾಡಿದ್ದೆ. ಮಸಾಲೆಗೆ ಹಾಕುತ್ತಾರಲ್ಲ, ಅದರ ಬಳಗದವೇ. ಆದರೆ ಇವು ಬಂಡೆಗೆ ಬಣ್ಣ ಬಳಿದಂತೆ ಅಂಟಿಕೊಂಡು ಬೆಳೆಯುವಂಥವು. ಬಾದಾಮಿಯ ಕೆಂಪು ಕಲ್ಲಿನ ಮೇಲೆ, ಪಟ್ಟದಕಲ್ಲಿನ ಸುತ್ತಿನ ಬಂಡೆಗಳ ಮೇಲೆ ಯಾವ ಬದಿಗೆ ಯಾವುದು ಬೆಳೆಯುತ್ತದೆ, ಬೆಳೆದು ಕಲ್ಲನ್ನು ಹೇಗೆ ತಿನ್ನುತ್ತದೆ ಎಂಬುದು ನನ್ನ ವಿಷಯ. ಭೂತಗನ್ನಡಿ ಹಿಡಿದು ಬಂಡೆಗೆ ಮೂಗು ಹಚ್ಚಿ ನಿಂತ ನನ್ನನ್ನು ಕಂಡು ಹೊಲಕ್ಕೆ ಹೊರಟ ಹೆಂಗಸರು ನಿಲ್ಲುತ್ತಿದ್ದರು. "ಮಸಾಲಿಗೆ ಬೇಕಿದ್ರ ಸಂತ್ಯಾಗ ಸಿಗತೈತಿ ಬಿಡವ್ವಾ, ಬಿಸಲಾಗ ಯಾಕ ಸಾಯ್ತಿ?" ಎಂದು ಒಬ್ಬಾಕೆ ಗದರಿಸಿದ್ದು ನೆನಪಿದೆ. ಆ ಬಿಸಿಲೇ ನನಗೆ ಹಿತವಾಗಿತ್ತು. ಮೂರು ನಾಲ್ಕು ಲೇಖನಗಳು ಪರದೇಶದ ಪತ್ರಿಕೆಗಳಲ್ಲಿ ಅಚ್ಚಾದವು, ಅಷ್ಟರಲ್ಲಿ ಮದುವೆಯಾಯಿತು.

ಇಳಕಲ್ಲಿನಲ್ಲಿ ಗಂಡನದು ನೂಲಿನ ಅಂಗಡಿ. ನನಗೆ ಹುನಗುಂದದ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಪ್ರಿನ್ಸಿಪಾಲರು ಸಾಲಿ ಮಾಸ್ತರರಾಗಿದ್ದ ನಮ್ಮ ತಂದೆಯ ಶಿಷ್ಯರು. ಹಾಗಾಗಿ ಪದವಿಪತ್ರದಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು ಎಂಬ ಗೊಂದಲ ಒಂದು ಕಪ್ ಚಹಾದಲ್ಲಿ ಮುಗಿದುಹೋಯಿತು. ಆ ಸಲೀಸುತನವೇ ನನಗೆ ಮುಳುವಾಯಿತು. ಆಗಲೇ ಒಂದು ಕಾಗದ ಮಾಡಿಸಿಟ್ಟುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮನೆ, ಕಾಲೇಜು, ಬಸ್ಸು, ಎರಡು ಮಕ್ಕಳು. ಬಂಡೆಗಳ ಕಡೆಗೆ ಹೋಗುವುದು ತಪ್ಪಿತು. ಆದರೆ ಕೈ ಸುಮ್ಮನಿರಬೇಕಲ್ಲ. ಮಳೆಗಾಲದಲ್ಲಿ ಗಂಜಿ ಹಾಕಿದ ನೂಲಿಗೆ ಬೂಷ್ಟು ಹಿಡಿದು ಅಂಗಡಿಗೂ ನೇಕಾರರಿಗೂ ನಷ್ಟವಾಗುತ್ತಿತ್ತು. ಅದನ್ನೇ ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗಿಟ್ಟೆ, ಬರೆದೆ. ಹೊಸ ಹೆಸರಿನಲ್ಲಿ ಬರೆದೆ. ಯಾರೂ ಬಲವಂತ ಮಾಡಿರಲಿಲ್ಲ. ಗಂಡ ಬರೆದ ಹೆಸರು ಅಚ್ಚಿನಲ್ಲಿ ನೋಡುವ ಆಸೆ ನನಗೇ ಇತ್ತು. ಸಸ್ಯಶಾಸ್ತ್ರದವರು ಇದು ಜವಳಿಯವರ ವಿಷಯ ಎಂದರು, ಜವಳಿಯವರು ಇದು ಸಸ್ಯಶಾಸ್ತ್ರ ಎಂದರು. ಇಬ್ಬರೂ ಓದಲಿಲ್ಲ.

ಹಳೆಯ ಹೆಸರಿನ ಗತಿಯೇ ಬೇರೆ. ಆಗೆಲ್ಲ ಒಬ್ಬರ ಲೇಖನ ಇನ್ನೊಬ್ಬರಿಗೆ ಬೇಕಾದರೆ "ಒಂದು ಪ್ರತಿ ಕಳಿಸಿ" ಎಂದು ಕಾರ್ಡು ಬರೆಯುತ್ತಿದ್ದರು. ಪರದೇಶದ ಕಾರ್ಡುಗಳು ಬಾದಾಮಿಯ ತವರುಮನೆಗೆ ಬರುತ್ತಿದ್ದವು. ತಂದೆ ವಿಳಾಸ ಹೊಡೆದುಹಾಕಿ ಇಳಕಲ್ಲಿನದು ಬರೆದು ಕಳಿಸುವರು, ಆದರೆ ಹೆಸರು ತಿದ್ದುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಆ ಹೆಸರಿನವರು ಒಬ್ಬರೇ. "ಅವ್ವಾರ, ನಿಮಗ ಪರದೇಶದಿಂದ ಕಾರ್ಡ ಬಂದೈತ್ರಿ" ಎಂದು ಅಂಚೆಯವನು ನೇರ ಅತ್ತೆಯ ಕೈಗೆ ಕೊಟ್ಟುಹೋಗುತ್ತಿದ್ದ. ಅಕ್ಷರ ಬಾರದ ಅತ್ತೆ ಅದನ್ನು ಸೆರಗಿನಿಂದ ಒರೆಸಿ, ಓಣಿಗೆಲ್ಲ ತೋರಿಸಿ, ಆಮೇಲೆ ನನಗೆ ಕೊಡುವರು. "ನನ್ನ ಹೆಸರಿಗೆ ಬಂದೈತಿ. ಏನಂತಾರ ಓದು."

"ಕಲ್ಲಹೂವಿನ ಮ್ಯಾಲ ಬರದದ್ದು ಕಳಸ್ರಿ ಅಂತಾರ್ರಿ ಅತ್ತಿ."

"ಕಳಸು ಮತ್ತ. ಕೇಳಿದವರಿಗೆ ಇಲ್ಲ ಅನಬಾರದು."

ನಾವಿಬ್ಬರೂ ನಗುತ್ತಿದ್ದೆವು. ಆ ದಿನಗಳಲ್ಲಿ ಅದು ಬರೀ ತಮಾಷೆಯಾಗಿತ್ತು.

ಎಂಬತ್ತರ ದಶಕದ ಆರಂಭದಲ್ಲಿ ಒಂದು ಬೇಸಿಗೆ ತರಬೇತಿಗೆಂದು ಬೆಂಗಳೂರಿಗೆ ಹೋದೆ. ಅಲ್ಲಿಯ ಗ್ರಂಥಾಲಯವೊಂದರಲ್ಲಿ, ಯಾರ ಲೇಖನವನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ಹೆಸರಿನ ಪ್ರಕಾರ ಜೋಡಿಸಿದ ದಪ್ಪ ಸಂಪುಟಗಳಿದ್ದವು. ಇರುವೆ ಸಾಲಿನಂಥ ಅಕ್ಷರ. ಮೊದಲು ಹೊಸ ಹೆಸರು ಹುಡುಕಿದೆ: ಒಂದೇ ಸಾಲು, ಅದೂ ನನ್ನನ್ನು ನಾನೇ ಉಲ್ಲೇಖಿಸಿಕೊಂಡದ್ದು. ಆಮೇಲೆ ಹಳೆಯ ಹೆಸರು ಹುಡುಕಿದೆ. ಬೆರಳು ಇಳಿಯುತ್ತಲೇ ಹೋಯಿತು. ಸಸ್ಯಶಾಸ್ತ್ರದವರು ಅಷ್ಟಕ್ಕಷ್ಟೇ, ಆದರೆ ಹಳೆಯ ಗುಡಿಗಳನ್ನು ಉಳಿಸುವವರು, ಭೂವಿಜ್ಞಾನದವರು, ಪೇಟೆಯ ಹೊಗೆಯನ್ನು ಅಳೆಯುವವರು, ನಾನು ಕಂಡಿರದ ಶಾಸ್ತ್ರಗಳವರೆಲ್ಲ ಬಾದಾಮಿಯ ಆ ಹುಡುಗಿಯನ್ನು ಓದಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನ್ನ ಹಿತ್ತಲ ಗಿಡ ಪರರ ಊರಿನಲ್ಲಿ ಮದ್ದಾಗಿತ್ತು. ಸಂತೋಷವಾಗಬೇಕಿತ್ತು, ಆದರೆ ನನಗೆ ಹೊಟ್ಟೆಕಿಚ್ಚಾಯಿತು. ಆ ಹುಡುಗಿ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬೆಳೆಯುತ್ತಿದ್ದಳು. ನಾನು ದಿನಾ ದುಡಿದರೂ ನಿಂತಲ್ಲೇ ನಿಂತಿದ್ದೆ.

ಅಂದಿನಿಂದ ಮತ್ತೆ ಕಲ್ಲಿಗೆ ಮರಳಬೇಕು ಎಂಬ ಒಂದೇ ಹಂಬಲ ಹಿಡಿಯಿತು. ಕೆಲವು ವರ್ಷಗಳಲ್ಲಿ ದಾರಿಯೂ ಕಂಡಿತು. ವಿಶ್ವವಿದ್ಯಾಲಯವೊಂದರಲ್ಲಿ ರೀಡರ್ ಹುದ್ದೆ ಖಾಲಿಯಾಯಿತು. ಹಳೆಯ ಗುಡಿಗಳ ಕಲ್ಲು ಮತ್ತು ಅದರ ಮೇಲೆ ಬೆಳೆಯುವುದರ ಅಧ್ಯಯನಕ್ಕೆಂದೇ ಇದ್ದ ಹುದ್ದೆ. ನನಗೆಂದೇ ಹೊಲಿಸಿದ ಅಂಗಿ ಎನಿಸಿತು. ಎರಡೂ ಹೆಸರಿನ ಲೇಖನಗಳನ್ನು ಬರೆದು, ಹಳೆಯವುಗಳ ಮುಂದೆ "ಮದುವೆಗೆ ಮೊದಲಿನ ಹೆಸರು" ಎಂದು ಸೇರಿಸಿ ಅರ್ಜಿ ಹಾಕಿದೆ. "ಬಂದ್ರ ಹೋಗೋಣು. ಅಂಗಡಿ ನಮ್ಮ ತಮ್ಮ ನೋಡ್ಕೋತಾನ" ಎಂದರು ನನ್ನ ಗಂಡ. ಅಷ್ಟು ಒಳ್ಳೆಯ ಮಾತು ನಾನು ಎಣಿಸಿರಲಿಲ್ಲ.

ಸಂದರ್ಶನದ ಅಧ್ಯಕ್ಷರು ವಯಸ್ಸಾದವರು, ಸಭ್ಯರು. "ನಿಮ್ಮ ಬೂಷ್ಟಿನ ಕೆಲಸ ಛಲೋ ಅದ, ಇಲ್ಲ ಅನ್ನಂಗಿಲ್ಲ. ಆದ್ರ ನಮಗ ಕಲ್ಲಿನ ಮ್ಯಾಲೆ ಕೆಲಸ ಮಾಡಿದವರು ಬೇಕು. ಬಾದಾಮಿ ಮ್ಯಾಲೆ ಬರದಾಕಿ ಒಬ್ಬಾಕಿ ಇದ್ಲು ನೋಡ್ರಿ, ಆಕಿ ಬಂದಿದ್ರ ಕೇಳೂದ ಬ್ಯಾಡಾಗಿತ್ತು. ಎಲ್ಲಿ ಹೋದ್ಲೋ ಏನೋ."

"ಸರ್, ಆಕಿ ನಾನ ರೀ."

ಅವರು ಹಾಳೆ ತಿರುವಿದರು. ಪದವಿಗೆ ಕಾಲೇಜಿನ ಸೇವಾ ದಾಖಲೆಯನ್ನೇ ನಂಬಿದ್ದ ಗುಮಾಸ್ತರು, ಹೆಸರು ಹೊಂದದ ಹಳೆಯ ಲೇಖನಗಳ ಮೇಲೆಲ್ಲ ಗೀಟು ಹೊಡೆದಿದ್ದರು. ಪಕ್ಕದಲ್ಲಿ "ಅರ್ಜಿದಾರರದಲ್ಲ" ಎಂದು ಬರೆದಿತ್ತು. "ಅಡ್ಡಹೆಸರು ಬದಲಾಗೂದು ಗೊತ್ತದ. ಹೆಸರೂ ಬದಲಾತೇನು?" ಎಂದು ಕೇಳಿದರು. ಹೌದೆಂದೆ. "ಖರೆ ಇರಬಹುದು. ಒಂದು ದಾಖಲೆ ತಂದುಕೊಡ್ರಿ, ಒಂದು ವಾರ ತಡೀತೇವಿ." ಅವರದು ತಪ್ಪೆನ್ನಲಾರೆ.

ಹುನಗುಂದದ ತಾಲೂಕು ಕಚೇರಿಗೆ ಹೋದೆ. ಅಲ್ಲಿಯ ಕಾರಕೂನ ನಮ್ಮ ರೇಷನ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ. "ಈ ಹೆಸರಿನಾಕಿ ನಿಮ್ಮನ್ಯಾಗ ಅದಾಳಲ್ರಿ ಬಾಯಾರ. ವಯಸ್ಸಾದಾಕಿ, ಹೆಬ್ಬಟ್ಟ ಒತ್ಯಾಳ. ಪರದೇಶದ ಪತ್ರಿಕ್ಯಾಗ ಆಕಿ ಬರದಾಳೇನ್ರಿ?" ಎಂದು ನಕ್ಕ. ನನಗೂ ನಗು ತಡೆಯಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. ಬಾಗಲಕೋಟೆಗೆ ಹೋಗಿ ವಕೀಲರನ್ನು ಹಿಡಿದು ಸ್ಟಾಂಪ್ ಕಾಗದದ ಮೇಲೆ ಬರೆಸಿದ್ದಾಯಿತು. ತಂದೆ ಸಹಿ ಹಾಕಿದರು. ಅಷ್ಟರಲ್ಲಿ ವಾರ ದಾಟಿ ತಿಂಗಳಾಗುತ್ತ ಬಂದಿತ್ತು, ಹುದ್ದೆ ತುಂಬಿತ್ತು. ಬಂದವರು ಒಳ್ಳೆಯ ವಿದ್ವಾಂಸರೇ. ಅಲ್ಲಿ ಕೂತು ಬರೆದ ಮೊದಲ ಲೇಖನದಲ್ಲೇ ಬಾದಾಮಿಯ ಆ ಹುಡುಗಿಯನ್ನು ಎರಡು ಕಡೆ ಉಲ್ಲೇಖಿಸಿದರು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಹೇಳದವರಿಲ್ಲ. ಫಲವಿಲ್ಲ ಎಂದು ನನಗೂ ಗೊತ್ತಿತ್ತು, ಆದರೂ ಚಿಂತಿಸಿದೆ. ಇವತ್ತಿಗೂ ಚಿಂತಿಸುತ್ತೇನೆ.

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆವು. ನಾನು ಸಪ್ಪಗಿದ್ದುದನ್ನು ಅತ್ತೆ ಬಹಳ ದಿನದಿಂದ ಗಮನಿಸಿದ್ದರು. "ಏನಾಗೇತಿ, ಬಾಯಿಬಿಟ್ಟ ಹೇಳು" ಎಂದರು. ಹೇಳಿದೆ. ಹೇಳುವಾಗ ಸಿಟ್ಟೂ ಬಂತು. ನಿಮ್ಮ ಹೆಸರಿನ ಸಲುವಾಗಿ ನನ್ನ ಹೆಸರು ಹೋಯಿತು ಎಂದುಬಿಟ್ಟೆ. ಅಷ್ಟು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಅದೇ ಮೊದಲು.

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಅಯ್ಯ ನನ್ನವ್ವಾ, ಅವತ್ತ ಒಂದ ಮಾತ ಅಂದಿದ್ರ ಆಗತಿತ್ತಲ್ಲ. ನಾ ಬಿಟ್ಟಕೊಡ್ತಿದ್ದೆ. ನನ್ನ ಹೆಸರ ಹಿಡದು ಕರಿಯಾವ್ರ ಈ ಮನ್ಯಾಗ ಯಾರ ಅದಾರ? ಎಲ್ಲಾರೂ ಅವ್ವ ಅಂತಾರ, ಅತ್ತಿ ಅಂತಾರ. ಅದೇನ ನನ್ನ ಹೆಸರೂ ಅಲ್ಲ. ಲಗ್ನದಾಗ ನಮ್ಮತ್ತಿ ಇಡಿಸಿದ್ದು."

ನಾನು ಜೋಳ ಬಿಟ್ಟು ಅವರ ಕಡೆ ತಿರುಗಿದೆ. ಆಮೇಲೆ ಕೇಳಿದೆ: "ಮತ್ತ ನಿಮ್ಮ ತವರಮನಿ ಹೆಸರ ಏನ್ರಿ?"

ಅವರು ಹೇಳಿದರು. ಸಣ್ಣ ಹೆಸರು, ಎರಡೇ ಅಕ್ಷರ. ಒಂದೇ ಮನೆಯಲ್ಲಿ ಅಷ್ಟು ವರ್ಷ ಉಂಡರೂ ನಾನದನ್ನು ಕೇಳಿಯೇ ಇರಲಿಲ್ಲ.

"ನಮ್ಮವ್ವ ಸತ್ತಮ್ಯಾಲ ಅದನ್ನ ಯಾರೂ ಅಂದಿಲ್ಲ ನೋಡು" ಎಂದು ಅವರು ಮತ್ತೆ ಮೊರ ಎತ್ತಿಕೊಂಡರು.

ನನ್ನ ಹಳೆಯ ಹೆಸರನ್ನು ಎಲ್ಲೆಲ್ಲಿಯೋ ಇರುವ ಜನ ಇನ್ನೂ ಬರೆಯುತ್ತಿದ್ದರು. ನನ್ನ ಹೆಸರು ಹೋಯಿತು ಎಂಬ ಮಾತನ್ನು ಅತ್ತೆಯ ಮುಂದೆ ನಾನು ಮತ್ತೆ ಎತ್ತಲಿಲ್ಲ.