ಸತ್ತ ಮೇಲಿನ ಪಟಕ್ಕೆ ಹೊಸ ಕ್ಯಾಮೆರಾ

ಒಸಾಕಾದ ನಮ್ಮ ಬಜಾರಿನಲ್ಲಿ ನನ್ನದು ಒಣಗಿಸಿದ ಕಡಲಪಾಚಿ ಮಾರುವ ಅಂಗಡಿ. ಎದುರಿಗೇ ನಿಶಿಗಾಕಿ ತೊಕಿಯೆಯ ಫೋಟೋ ಸ್ಟುಡಿಯೋ. ಈಗ ಅವಳಿಗೆ ಎಪ್ಪತ್ತೆರಡು. ಮದುವೆ, ಶಾಲೆ, ಹುಟ್ಟುಹಬ್ಬದ ಪಟಗಳೆಲ್ಲ ಜನರ ಫೋನುಗಳ ಪಾಲಾದ ಮೇಲೆ ಅವಳಿಗೆ ಉಳಿದದ್ದು ಒಂದೇ ಕಸುಬು. ಸತ್ತ ದಿನ ಹೂವಿನ ನಡುವೆ ಇಡುವ ಪಟವನ್ನು ಬದುಕಿರುವಾಗಲೇ ತೆಗೆದುಕೊಡುವುದು. ನಮ್ಮ ಮುದುಕರು ತಲೆ ಬಾಚಿಕೊಂಡು, ಒಳ್ಳೆಯ ಕೋಟು ತೊಟ್ಟು ತಾವಾಗಿಯೇ ಬರುತ್ತಾರೆ. ಮಕ್ಕಳ ಕೈಗೆ ಬಿಟ್ಟರೆ ಯಾವುದೋ ಪ್ರವಾಸದ ಗುಂಪಿನ ಪಟದಿಂದ ತಲೆ ಕತ್ತರಿಸಿ ದೊಡ್ಡದು ಮಾಡಿಸುತ್ತಾರೆ, ಪಕ್ಕದವನ ಭುಜವೂ ಜೊತೆಗೆ ಬರುತ್ತದೆ ಎಂಬ ಹೆದರಿಕೆ ಅವರಿಗೆ.

ತೊಕಿಯೆಗೆ ಗಿರಾಕಿಗಳ ಮೇಲೆ ಪ್ರೀತಿಯಿತ್ತು, ಬಾಯಿಯ ಮೇಲೆ ಹಿಡಿತ ಇರಲಿಲ್ಲ. "ಗದ್ದ ಇಳಿಸಿ, ಇನ್ನೂ ಮೇಲಕ್ಕೆ ಹೊರಟಿಲ್ಲ ನೀವು," ಎಂದು ಅವಳು ಗದರುವುದು ನನ್ನ ಅಂಗಡಿಯವರೆಗೂ ಕೇಳುತ್ತಿತ್ತು.

ಈ ಬಾಯಿಗೆ ಹೆಚ್ಚು ಸಿಕ್ಕಿಬಿದ್ದವನು ಹತಾನಾಕ. ಒಂದು ಕ್ಯಾಮೆರಾ ಕಂಪನಿಯ ಮಾರಾಟದವನು, ನಲವತ್ತರ ಆಸುಪಾಸು, ತುಂಬ ಸಭ್ಯ. ಹೊಸ ಮಾದರಿ ಬಂದಾಗಲೆಲ್ಲ ಬಣ್ಣದ ಕಾಗದ ಹಿಡಿದು ಹಾಜರಾಗುತ್ತಿದ್ದ. ಒಮ್ಮೆ ಮೆಗಾಪಿಕ್ಸೆಲ್ ಎರಡರಷ್ಟಾಗಿದೆ ಎಂದ. ಹೆಣದ ಮೂಗಿನ ಕೂದಲು ಎಣಿಸಲು ಯಾರು ಬರುತ್ತಾರೆ ಎಂದು ಇವಳು ಕೇಳಿದಳು. ಇನ್ನೊಮ್ಮೆ ಸೆಕೆಂಡಿಗೆ ಹನ್ನೆರಡು ಪಟ ಎಂದ. ತನ್ನ ಗಿರಾಕಿ ಕುರ್ಚಿಯಿಂದ ಏಳಲು ನಾಲ್ಕು ನಿಮಿಷ ಬೇಕು ಎಂದಳು. ಮಳೆಯಲ್ಲಿ ನೆನೆದರೂ ಏನೂ ಆಗದು ಎಂದಾಗ ಛಾವಣಿಯತ್ತ ಬೆರಳು ತೋರಿಸಿದಳಷ್ಟೆ. ಹಾರುವ ಹಕ್ಕಿಯ ಕಣ್ಣನ್ನೂ ಹಿಡಿದು ನಿಲ್ಲಿಸುವ ಕ್ಯಾಮೆರಾ ತಂದ ವರ್ಷ ಮಾತ್ರ ಅವನು ಗೆದ್ದೆ ಅಂದುಕೊಂಡಿದ್ದ.

"ಹತಾನಾಕ, ನನ್ನ ಗಿರಾಕಿಗಳು ಹಾರಿಹೋದ ಮೇಲೆ ನನ್ನ ಹತ್ರ ಬರಲ್ಲಪ್ಪ," ಎಂದಳು ತೊಕಿಯೆ.

ಅವನು ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡು, ಪ್ರತಿ ಸಲದಂತೆ ನನ್ನಲ್ಲಿ ಒಂದು ಪೊಟ್ಟಣ ಕಡಲಪಾಚಿ ಕೊಂಡು ಹೋದ. ಪಾಪ, ಅವನ ಮನೆಯಲ್ಲಿ ಎಷ್ಟು ಪೊಟ್ಟಣ ರಾಶಿ ಬಿದ್ದಿದ್ದವೋ. ತೊಕಿಯೆ ಹದಿನಾಲ್ಕು ವರ್ಷ ಒಂದೇ ಕ್ಯಾಮೆರಾದಲ್ಲಿ ದುಡಿದಳು. ಅದರ ಹಿಡಿಯ ರಬ್ಬರು ಸವೆದು ಬೋಳಾಗಿತ್ತು.

ಐದು ವರ್ಷದ ಹಿಂದೆ, ಹಳೆಯ ಸಾರ್ವಜನಿಕ ಸ್ನಾನದಮನೆಯ ಇವಾಮೊತೊ ಗೆಂಜಿರೊ ಪಟಕ್ಕೆ ಬಂದ. ಎಂಬತ್ತೊಂದು ವರ್ಷ. ಐವತ್ತು ವರ್ಷ ಊರಿನವರ ಸ್ನಾನಕ್ಕೆ ನೀರು ಕಾಯಿಸಿ, ಬಾಯ್ಲರು ಕೆಟ್ಟ ದಿನ ಬಾಗಿಲು ಹಾಕಿದವನು. ಹೃದಯ ಸೋತಿದೆ ಎಂದು ವೈದ್ಯರು ಹೇಳಿದ್ದರು. ಮಾತಿಗೆ ಕೂತರೆ ಎದುರಿನವರು ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡುವ ಮನುಷ್ಯ. ಆದರೆ ಕ್ಯಾಮೆರಾದೊಳಗಿನ ಕನ್ನಡಿ ಎದ್ದು ಬಿದ್ದು ಟಪ್ ಎನ್ನುವುದನ್ನು ಕಾಯುತ್ತ ಅವನ ಮುಖ ಅಂಗಡಿಯ ಷಟರಿನಂತೆ ಇಳಿದುಬಿಡುತ್ತಿತ್ತು. ಎರಡು ಸಲ ತೆಗೆದಳು. ಎರಡು ಸಲವೂ ಮಗಳು ಫುಮಿಯೊ ಪಟವನ್ನು ಹಿಂದಕ್ಕೆ ತಂದುಕೊಟ್ಟಳು. ಇದು ನಮ್ಮಪ್ಪ ಅಲ್ಲ, ಅಪ್ಪನನ್ನು ಹಿಡಿಯಲು ಬಂದ ಪೊಲೀಸಿನವನ ಹಾಗೆ ಇದ್ದಾನೆ ಎಂಬುದು ಅವಳ ದೂರು.

ಮೂರನೆಯ ಸಲದ ಹಿಂದಿನ ದಿನ ತೊಕಿಯೆಯ ಕ್ಯಾಮೆರಾ ಪ್ರಾಣ ಬಿಟ್ಟಿತು. ರಿಪೇರಿಗೆ ಬಿಡಿಭಾಗ ಸಿಗುವುದಿಲ್ಲವೆಂದು ಗೊತ್ತಾಯಿತು. ಬೇರೆ ದಾರಿ ಕಾಣದೆ ಹತಾನಾಕನಿಗೆ ಫೋನು ಮಾಡಿದಳು. ಅವನು ಅದೇ ಸಂಜೆ ಹೊಸ ಮಾದರಿಯನ್ನು ಒಂದು ತಿಂಗಳ ಮಟ್ಟಿಗೆ ಬಳಸಲು ತಂದುಕೊಟ್ಟು, ವಾಡಿಕೆಯಂತೆ ಪಟ್ಟಿ ಓದತೊಡಗಿದ. ಇವಳು ಗುಂಡಿಗಳನ್ನು ಒತ್ತುತ್ತ ಆಕಳಿಸುತ್ತಿದ್ದಳು. ಪಟ್ಟಿಯ ಬುಡದಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು. ಅದನ್ನು ಅವನು ಓದದೆ ದಾಟಿಸಿದ. ಅದೇನು ಎಂದು ಇವಳು ಕೇಳಿದಳು.

"ಅದೇನಿಲ್ಲ ಬಿಡಿ, ನಿಶಿಗಾಕಿ-ಸಾನ್. ಹಿಂದಿನ ಪರದೆ ನೋಡಿಕೊಂಡು ತೆಗೆದ್ರೆ ಕನ್ನಡಿ ಅಲ್ಲಾಡಲ್ಲ, ಸದ್ದೇ ಬರಲ್ಲ. ನಾಟಕದವರಿಗೆ, ಗಾಲ್ಫಿನವರಿಗೆ ಬೇಕಾಗುತ್ತೆ ಅಷ್ಟೆ."

ತೊಕಿಯೆಯ ಆಕಳಿಕೆ ಅರ್ಧಕ್ಕೇ ನಿಂತಿತು.

ಮರುದಿನ ಅವಳು ಕ್ಯಾಮೆರಾವನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪಕ್ಕದ ಸ್ಟೂಲಿನಲ್ಲಿ ಕೂತು, ಗೆಂಜಿರೊಗೆ ಚಹಾ ಕೊಟ್ಟು ಸ್ನಾನದಮನೆಯ ಸುದ್ದಿ ಎತ್ತಿದಳು. ಹೊಸ ವರ್ಷದ ದಿನ ಇಬ್ಬರು ಗೃಹಸ್ಥರು ಒಬ್ಬರ ಚಡ್ಡಿ ಒಬ್ಬರು ಹಾಕಿಕೊಂಡು ಹೋಗಿ, ಇಬ್ಬರ ಹೆಂಡತಿಯರೂ ಮರುದಿನ ಬಂದು ಜಗಳ ತೆಗೆದ ಕಥೆಯನ್ನು ಅವನು ಶುರುಮಾಡಿದ. ಹೇಳುತ್ತ ಹೇಳುತ್ತ ತಾನೇ ನಕ್ಕ, ಕಣ್ಣೊರೆಸಿಕೊಂಡ. ಕೊನೆಗೆ ಯಾಕೋ ಬಾಗಿಲು ಹಾಕಿದ ದಿನ ನೆನಪಾಗಿ ಸುಮ್ಮನಾದ. ತೊಕಿಯೆ ಗುಂಡಿ ಒತ್ತುತ್ತಲೇ ಇದ್ದಳು.

"ಸರಿ, ಹೊತ್ತಾಯ್ತು. ಯಾವಾಗ ತೆಗೀತೀಯ?" ಎಂದ ಗೆಂಜಿರೊ.

"ತೆಗೆದಾಯ್ತು."

"ಸುಳ್ಳು ಹೇಳಬೇಡ. ಟಪ್ ಅನ್ನಲೇ ಇಲ್ಲ. ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದೀನಿ ನಾನು."

ಮೋಸ ಹೋದವನಂತೆ ಗೊಣಗುತ್ತ ಅವನು ಮನೆಗೆ ಹೋದ. ಸಂಜೆ ಫುಮಿಯೊ ಬಂದು ಪಟ ನೋಡಿದಳು. ನಕ್ಕು ಮುಗಿದು ಇನ್ನೂ ಮಾತು ಹುಟ್ಟದ ಗಳಿಗೆಯ ಮುಖ ಅದು. ಈ ಸಲ ಅವಳು ಅದನ್ನು ಹಿಂದಕ್ಕೆ ಕೊಡಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಮನೆಗೆ ಒಯ್ದಳು. ತೊಕಿಯೆ ಅಂದು ತಮಾಷೆ ಮಾಡಲಿಲ್ಲ.

ಆದರೆ ಸದ್ದಿಲ್ಲದ ಕ್ಯಾಮೆರಾ ಹೊಸ ತಂಟೆ ತಂದಿತು. ಉಳಿದ ಗಿರಾಕಿಗಳೂ ಗೆಂಜಿರೊನ ಹಾಗೆಯೇ ತಕರಾರು ಎತ್ತಿದರು. ಸದ್ದು ಕೇಳದೆ ಪಟ ತೆಗೆಸಿಕೊಂಡ ಸಮಾಧಾನವೇ ಇಲ್ಲವಂತೆ. ತೊಕಿಯೆ ನಾಲ್ಕು ದಿನ ಯೋಚಿಸಿ, ಗಾಜಿನ ಕಪಾಟಿನಲ್ಲಿದ್ದ ತನ್ನ ಅಪ್ಪನ ರೀಲು ಕ್ಯಾಮೆರಾವನ್ನು ಹೊರತೆಗೆದಳು. ಒಳಗೆ ರೀಲು ಇಲ್ಲ. ಎಡಗೈಯಲ್ಲಿ ಅದನ್ನು ಹಿಡಿದು, ಉಸಿರು ಬಿಗಿಹಿಡಿಯಿರಿ ಎಂದು ಹೇಳಿ ಜೋರಾಗಿ ಟಪ್ ಎನ್ನಿಸುತ್ತಿದ್ದಳು. ಆಮೇಲೆ "ಆಯ್ತು" ಎನ್ನುತ್ತಿದ್ದಳು. ಗಿರಾಕಿ ಉಸಿರು ಬಿಟ್ಟು ಭುಜ ಇಳಿಸಿ ಮನುಷ್ಯನಾಗುವ ಆ ಕ್ಷಣ ಬಲಗೈಯ ಹೊಸ ಕ್ಯಾಮೆರಾ ಸದ್ದಿಲ್ಲದೆ ಕೆಲಸ ಮುಗಿಸುತ್ತಿತ್ತು.

ತಿಂಗಳು ಮುಗಿದಾಗ ಹತಾನಾಕ ಕ್ಯಾಮೆರಾ ವಾಪಸು ಕೇಳಲು ಬಂದ. ಕೊಡುವುದಿಲ್ಲ, ಕೊಳ್ಳುತ್ತೇನೆ ಎಂದಳು. ಅವನು ಸ್ವಲ್ಪ ಹೊತ್ತು ನಂಬಲಿಲ್ಲ. ನಂಬಿದ ಮೇಲೆ ಎರಡು ಕೈಯ ಈ ಆಟವನ್ನು ನೋಡಿ, ಮೇಲಿನವರಿಗೆ ಬರೆದು ತಿಳಿಸಿದ.

ಅದರಿಂದಾಗಿ ಟೋಕಿಯೋದಿಂದ ಸುಗಾನುಮಾ ಎಂಬ ಇಂಜಿನಿಯರು ರೈಲು ಹತ್ತಿ ಬಂದ. ಬಡಕಲು ಮನುಷ್ಯ, ನಿವೃತ್ತಿಗೆ ಎಂಟೇ ತಿಂಗಳು ಉಳಿದಿತ್ತು. ಕನ್ನಡಿಯ ಸದ್ದು ತಗ್ಗಿಸುವುದರಲ್ಲೇ ಅವನು ಹನ್ನೊಂದು ವರ್ಷ ಕಳೆದಿದ್ದ. ಕಂಪನಿಯ ಜಾಹೀರಾತಿನಲ್ಲಿ ಅವನ ಕೆಲಸಕ್ಕೆ ಸಿಕ್ಕಿದ್ದು ಆ ಸಣ್ಣ ಅಕ್ಷರದ ಸಾಲು. ಆ ಸಾಲಿಗಾಗಿಯೇ ಕ್ಯಾಮೆರಾ ಕೊಂಡವರನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು ಎಂದು ಅವನು ಬಾಗಿ ನಮಸ್ಕರಿಸಿದ. ನಾನು ಚಹಾ ಕೊಡುವ ನೆಪದಲ್ಲಿ ಅಲ್ಲೇ ಇದ್ದೆ.

ಹೊಸ ಮಾದರಿಗಳಲ್ಲಿ ನಿಜವಾಗಿ ಹೊಸದೇನಾದರೂ ಬರುತ್ತಿದೆಯೇ ಎಂದು ಅವನೇ ಕೇಳಿದ.

ತೊಕಿಯೆ ಸುತ್ತುಬಳಸಲಿಲ್ಲ. "ಹದಿನಾಲ್ಕು ವರ್ಷದಲ್ಲಿ ನನಗೆ ಉಪಯೋಗಕ್ಕೆ ಬಂದಿದ್ದು ನಿಮ್ಮದೊಂದೇ. ಅದನ್ನೂ ಬಚ್ಚಿಟ್ಟಿದ್ರಿ. ಮಿಕ್ಕಿದ್ದೆಲ್ಲ ಹಕ್ಕಿಗೆ."

ಸುಗಾನುಮಾ ನಗಲಿಲ್ಲ, ತಲೆಯಾಡಿಸಿದ. ಮುಂದೆ ಕಂಪನಿ ಕನ್ನಡಿಯೇ ಇಲ್ಲದ ಕ್ಯಾಮೆರಾಗಳನ್ನಷ್ಟೇ ಮಾಡುತ್ತದೆ, ಸದ್ದು ತಗ್ಗಿಸುವ ತನ್ನ ವಿಭಾಗವನ್ನು ಮುಚ್ಚುತ್ತಿದ್ದಾರೆ ಎಂದು ತಿಳಿಸಿದ. ತೊಕಿಯೆ ಕುರ್ಚಿ ತೋರಿಸಿ ಕೂರಲು ಹೇಳಿದಳು. ಎಡಗೈಯ ಗುಟ್ಟು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕಾಗಿಯೇ ಬಂದವನು. ಆದರೂ ಟಪ್ ಎಂದು ಕೇಳಿಸಿದೊಡನೆ ಪುಸ್ ಎಂದು ಉಸಿರು ಬಿಟ್ಟ. ಆಮೇಲೆ ಗೊತ್ತಾಗಿ ಕಿವಿಯವರೆಗೂ ಕೆಂಪಾದ. ಆ ಪಟವನ್ನು ಅವನು ಕಾಗದದಲ್ಲಿ ಸುತ್ತಿಸಿಕೊಂಡು ಒಯ್ದ. ಸಾಯಲು ಅವಸರವೇನಿಲ್ಲ, ಸದ್ಯಕ್ಕೆ ನಿವೃತ್ತಿಯ ದಿನ ಮೇಜಿನ ಮೇಲಿಡುತ್ತೇನೆ ಎಂದ.

ಗೆಂಜಿರೊ ಮಾತ್ರ ಇನ್ನೂ ಸತ್ತಿಲ್ಲ. ಮಗಳು ಅವನ ಪಟವನ್ನು ಊಟದ ಕೋಣೆಯಲ್ಲೇ ತೂಗುಹಾಕಿದ್ದಾಳೆ. ಮೂರು ಹೊತ್ತೂ ನನ್ನ ಹೆಣವನ್ನೇ ನೋಡುತ್ತ ಅನ್ನ ತಿನ್ನಬೇಕಾಗಿದೆ ಎಂದು ಅವನು ವಾರಕ್ಕೊಮ್ಮೆ ತೊಕಿಯೆಯ ಅಂಗಡಿಗೆ ಬಂದು ಜಗಳವಾಡುತ್ತಾನೆ. ಅವಳು ಚಹಾ ಕೊಟ್ಟು, ಬೇಗ ಹೊರಡಿ ಎನ್ನುತ್ತಾಳೆ. ಅವನು ಇನ್ನೊಂದು ಲೋಟ ಕೇಳುತ್ತಾನೆ.