ಅಲ್ ಹೈಲ್‌ನಿಂದ ಸುವೈಕ್ ಕೋಟೆಗೆ, ಸೈಕಲ್ಲಿನಲ್ಲಿ

ಕಾರು ಕೊಳೆಯಾಗಿದ್ದರೆ ಪೊಲೀಸರು ದಂಡ ಹಾಕುವ ದೇಶಕ್ಕೆ ಬಂದಿದ್ದೇನೆ ಎಂದು ನನಗೆ ಗೊತ್ತಾದದ್ದು ಮೂರನೆಯ ದಿನ. ಬೆಳಿಗ್ಗೆ ಎದ್ದು ಹೊರಗೆ ನೋಡಿದರೆ, ಊರಿನಲ್ಲಿ ತಾವು ಕುಡಿದ ಲೋಟವನ್ನೂ ತೊಳೆಯದ ನನ್ನ ಗಂಡ ಬಕೆಟ್ಟು ಹಿಡಿದು ಕಾರಿಗೆ ಸ್ನಾನ ಮಾಡಿಸುತ್ತಿದ್ದರು. "ಧೂಳು ಕಂಡ್ರೆ ಫೈನ್ ಹಾಕ್ತಾರೆ ಮಾರಾಯ್ತಿ, ನಿನಗೆ ಇಲ್ಲಿಯದ್ದು ಗೊತ್ತಿಲ್ಲ," ಎಂದರು. ನಿಜ, ಗೊತ್ತಿರಲಿಲ್ಲ. ಹೆದ್ದಾರಿಯ ಉದ್ದಕ್ಕೂ ಕನ್ನಡಿಯ ಹಾಗೆ ಹೊಳೆಯುವ ಕಾರುಗಳು ಸಾಲುಸಾಲಾಗಿ ಹೋಗುತ್ತಿದ್ದವು. ರಸ್ತೆಯ ಬದಿಯಲ್ಲಿ ನಡೆಯುವ ಮನುಷ್ಯರು ಮಾತ್ರ ಇರಲಿಲ್ಲ. ನಡೆಯುವವರಿಲ್ಲದ ಊರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು ಇದು. ಮದುವೆಗೆ ಮುಂಚೆ ನಾನು ಮೂಲ್ಕಿ ಬಳಿಯ ಹೆಜಮಾಡಿಯಲ್ಲಿ ಆರೋಗ್ಯ ಸಹಾಯಕಿಯಾಗಿದ್ದೆ. ಬಾಣಂತಿಯರನ್ನು ನೋಡಲು, ಮಕ್ಕಳಿಗೆ ಲಸಿಕೆ ಹಾಕಲು ಮನೆಮನೆಗೆ ಹೋಗುವ ಕೆಲಸ. ಆರು ವರ್ಷ ಗದ್ದೆಯ ಬದುವಿನ ಮೇಲೆ, ಕಡಲ ಬದಿಯ ಮರಳಿನಲ್ಲಿ, ಲಸಿಕೆಯ ಡಬ್ಬಿಯನ್ನು ಹಿಂದೆ ಕಟ್ಟಿಕೊಂಡು ಸೈಕಲ್ ತುಳಿದವಳು. ಸೈಕಲ್ ಸರ್ಕಾರದ್ದಲ್ಲ, ನನ್ನ ಸ್ವಂತದ್ದು. ಮಸ್ಕತ್ತಿಗೆ ಹೊರಡುವ ಹಿಂದಿನ ದಿನ ಅದರ ಚೈನಿಗೆ ಎಣ್ಣೆ ಹಾಕಿ, ತವರುಮನೆಯ ಜಗಲಿಯ ಮೂಲೆಯಲ್ಲಿ ಗೋಣಿ ಹೊದೆಸಿ, "ನಾನು ಬರುವವರೆಗೆ ಇರಲಿ," ಎಂದು ತಮ್ಮನಿಗೆ ಹೇಳಿ ಬಂದೆ.

ಇಲ್ಲಿ, ಒಮಾನಿನಲ್ಲಿ, ನನ್ನ ಪಾಸ್‌ಪೋರ್ಟಿನಲ್ಲಿ ಒಂದು ಸೀಲು ಬಿತ್ತು. ಗಂಡನ ಜೊತೆ ಇರಬಹುದು, ಕೆಲಸ ಮಾಡಲು ಅನುಮತಿ ಇಲ್ಲ. ಇವರಿಗೆ ಅಲ್ ಖುವೈರ್‌ನ ಒಂದು ಕಂಪನಿಯಲ್ಲಿ ಕಚೇರಿ ಕೆಲಸ, ನಮಗೆ ಅಲ್ ಹೈಲ್‌ನಲ್ಲಿ ಒಂದು ಮನೆಯ ಹಿಂಭಾಗದ ಎರಡು ಕೋಣೆ. ಕಿಟಕಿಯ ಎ.ಸಿ. ಹಗಲಿಡೀ ಗಡಗಡ ಎನ್ನುತ್ತಿತ್ತು. ಊರಿನಿಂದ ತಂದ ಕುಚ್ಚಿಲಕ್ಕಿಯನ್ನು ಅಳೆದು ಅಳೆದು ಬೇಯಿಸುತ್ತಿದ್ದೆ. ಗಲ್ಫಿನ ಹೆಂಡತಿಯರ ನಿಜವಾದ ಕೆಲಸ ಅಡುಗೆಯಲ್ಲ, ಕಾಯುವುದು. ಮೀನು ಬೇಕೆಂದರೆ ಸಂಜೆ ಕಾರು ಬರುವವರೆಗೆ ಕಾಯಬೇಕು. ಗೆಳತಿಯ ಮನೆಗೆ ಹೋಗಬೇಕೆಂದರೆ ಶುಕ್ರವಾರದವರೆಗೆ ಕಾಯಬೇಕು. ಊರಿನಿಂದ ನನ್ನ ಜೊತೆ ಬಂದ ಪುಟ್ಟ ಮಗಳು ಶ್ರುತಿ ಶಾಲೆಗೆ ಹೋಗತೊಡಗಿದ ಮೇಲೆ ಮಧ್ಯಾಹ್ನದವರೆಗೆ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಹಾಗೆ ಎರಡು ವರ್ಷ ಕಾದೆ. ಒಂದು ದಿನ ಕಾಯುವುದು ಸಾಕಾಯಿತು. ಸೀಬ್ ಪೇಟೆಗೆ ಹೋದಾಗ ಹಳೆಯ ಸಾಮಾನಿನ ಅಂಗಡಿಯಲ್ಲಿ ನಿಂತಿದ್ದ ಕಪ್ಪು ಬಣ್ಣದ ಗಂಡಸರ ಸೈಕಲ್ಲನ್ನು ತೋರಿಸಿ, "ನನಗೆ ಅದು ಬೇಕು," ಎಂದೆ. ಇವರು ನಕ್ಕರು. ನಾನು ನಗಲಿಲ್ಲ.

ಚೂಡಿದಾರ, ತಲೆಗೆ ಬಿಗಿಯಾಗಿ ಸುತ್ತಿದ ದುಪಟ್ಟಾ, ಕಾಲಿಗೆ ಕ್ಯಾನ್ವಾಸ್ ಬೂಟು. ಮೊದಲ ವಾರ ಓಣಿಯ ತುದಿಯವರೆಗೆ ಹೋದೆ, ಎರಡನೆಯ ವಾರ ಸೀಬ್‌ನ ಮೀನು ಮಾರುಕಟ್ಟೆಗೆ. ಖರ್ಜೂರದ ತೋಟಗಳ ನಡುವಿನ ಓಣಿಗಳು ಕಾರಿನ ಕಿಟಕಿಯಿಂದ ಎಂದೂ ಕಾಣುವುದಿಲ್ಲ. ನೆರಳು, ನೀರಿನ ಪಂಪಿನ ಶಬ್ದ, ಕಟ್ಟಿಹಾಕಿದ ಆಡು, ಬಾಗಿಲಲ್ಲಿ ನಿಂತು ಕೈ ಬೀಸುವ ಹೆಂಗಸರು. ನಮ್ಮ ಕಡಲಬದಿಗೂ ಈ ಬಾತಿನಾ ಕರಾವಳಿಗೂ ಇರುವ ವ್ಯತ್ಯಾಸ ಮಳೆಯದ್ದು ಮಾತ್ರ ಎಂದು ನನಗೆ ಅನಿಸತೊಡಗಿತು. ತಿಂಗಳಾಗುವಷ್ಟರಲ್ಲಿ ಮೀನಿನವನು ನನಗೆಂದು ಬಂಗುಡೆ ತೆಗೆದಿಡುತ್ತಿದ್ದ. ಸೈಕಲ್ಲಿಗೆ ಇಲ್ಲಿಯವರೂ ಹೆಚ್ಚುಕಡಿಮೆ ಅದೇ ಹೆಸರು ಹೇಳುತ್ತಾರೆ, ಸೇಕಲ್ ಎಂದು. ನನಗೆ ಬಂದ ಅರಬ್ಬಿಯಲ್ಲಿ ಅರ್ಧ ಆ ಓಣಿಗಳಲ್ಲೇ ಬಂದದ್ದು.

ಒಮಾನಿಗಳು ಕೈ ಬೀಸಿದರು. ಬೆನ್ನ ಹಿಂದೆ ಆಡಿಕೊಂಡವರು ನಮ್ಮವರೇ. ಊರಿನಲ್ಲಿ ಅಪ್ಪನ ಸೈಕಲ್ಲಿನ ಬಾರಿನ ಮೇಲೆ ಕೂತು ಶಾಲೆಗೆ ಹೋದವರೆಲ್ಲ ಇಲ್ಲಿ ಸೈಕಲ್ ಕಂಡರೆ ಮೂಗು ಮುರಿಯುತ್ತಿದ್ದರು. ಇಲ್ಲಿ ಸೈಕಲ್ ಎಂದರೆ ಬೀದಿ ಗುಡಿಸುವ, ತೋಟಕ್ಕೆ ನೀರು ಹಾಕುವ ಕೂಲಿಯವರದ್ದಂತೆ. ಶ್ರುತಿ ಕೂಡ ಒಂದು ದಿನ, "ಮಮ್ಮಿ, ಪ್ಲೀಸ್, ಸ್ಕೂಲ್ ಗೇಟಿಗೆ ಮಾತ್ರ ಅದ್ರಲ್ಲಿ ಬರ್ಬೇಡ," ಎಂದಳು. ಅದರಿಂದ ನೋವಾಯಿತು. ಆದರೂ ಸೈಕಲ್ ಬಿಡಲಿಲ್ಲ.

ಆ ಜನವರಿಯ ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಕೋಳಿಸಾರಿನ ಜೊತೆ ಕೋರಿರೊಟ್ಟಿ ಊಟ. ಬಂದವರು ದಿವಾಕರಣ್ಣ, ಇವರ ಊರಿನವರೇ. ಸುವೈಕ್‌ನಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದರು. ಸುವೈಕ್ ನಮ್ಮಲ್ಲಿಂದ ಕಡಲ ಬದಿಯಲ್ಲೇ ತೊಂಬತ್ತು ಚಿಲ್ಲರೆ ಕಿಲೋಮೀಟರು. ರೊಟ್ಟಿ ಮುರಿಯುತ್ತಾ ಅವರು ಮಾತು ತೆಗೆದರು.

"ವಿಮಲಕ್ಕ, ನಿಮ್ಮ ಸೈಕಲ್ ಸುದ್ದಿ ಸುವೈಕ್‌ವರೆಗೂ ಬಂದಿದೆ. ನಾಳೆ ಇವರ ಕಫೀಲ್ ನೋಡಿದ್ರೆ ಎಂತ ಅಂದುಕೊಳ್ಳುದು? ಹೆಂಡತಿಯನ್ನು ಕೂಲಿಯವರ ಹಾಗೆ ಬಿಟ್ಟಿದ್ದಾನೆ ಅಂತಲ್ವಾ?"

ಕಫೀಲ್ ಎಂದರೆ ನಮ್ಮ ವೀಸಾಕ್ಕೆ ಜವಾಬ್ದಾರನಾದ ಒಮಾನಿ ಧಣಿ. ಅವನು ಬೇಡ ಎಂದರೆ ನಾವು ಗಂಟುಮೂಟೆ ಕಟ್ಟಬೇಕು. ಆ ಹೆಸರು ಹೇಳಿದರೆ ಇಲ್ಲಿ ಯಾರ ಬಾಯಿಯನ್ನಾದರೂ ಮುಚ್ಚಿಸಬಹುದು.

"ಕಫೀಲ್ ನನಗೆ ಮೊನ್ನೆ ಸೀಬ್‌ನಲ್ಲಿ ಸಿಕ್ಕಿದ್ರು. ಸಲಾಂ ಹೇಳಿದ್ರು," ಎಂದೆ.

"ಅವರು ದೊಡ್ಡವರು, ಹೇಳ್ತಾರೆ. ನಾವು ತಿಳಿದುಕೊಳ್ಬೇಕು." ದಿವಾಕರಣ್ಣ ನಗುತ್ತಲೇ ಮುಂದುವರಿಸಿದರು. "ಒಂದು ಕೆಲಸ ಮಾಡುವ. ಬರುವ ಶುಕ್ರವಾರ ನೀವು ಇದೇ ಸೈಕಲಲ್ಲಿ ಸುವೈಕ್‌ಗೆ ಬನ್ನಿ. ಮಸೀದಿಯಲ್ಲಿ ಸಂಜೆಯ ಬಾಂಗ್ ಆಗುವ ಮೊದಲು ನನ್ನ ಅಂಗಡಿ ಮುಟ್ಟಿದ್ರೆ ಮತ್ತೆ ಯಾರೂ ಈ ವಿಷಯ ಎತ್ತುದಿಲ್ಲ. ಆಗ್ಲಿಲ್ಲ ಅಂದ್ರೆ ಸೈಕಲ್ ನಮ್ಮ ಅಂಗಡಿಯ ಟೈಲರ್‌ಗೆ. ದಾರಿಯಲ್ಲಿ ಯಾವ ಗಾಡಿಯನ್ನೂ ಹತ್ತಬಾರದು."

ನಾನು ಇವರ ಮುಖ ನೋಡಿದೆ. ಇವರು ತಟ್ಟೆ ನೋಡುತ್ತಿದ್ದರು. ಸಿಟ್ಟು ನೆತ್ತಿಗೇರಿತು. "ಆಯ್ತು," ಎಂದುಬಿಟ್ಟೆ. ಕೈ ತೊಳೆಯುವಾಗ ನೆನಪಾಯಿತು, ನನ್ನದೇ ವಸ್ತುವನ್ನು ನಾನೇ ಪಂದ್ಯಕ್ಕೆ ಇಟ್ಟಿದ್ದೆ.

ಮುಂದಿನ ಶುಕ್ರವಾರ ನಸುಕಿನಲ್ಲಿ ಹೊರಟೆ. ಬುತ್ತಿಗೆ ಅಕ್ಕಿತರಿಯ ಪುಂಡಿ ಉಂಡೆ, ಚಟ್ನಿ. ಎರಡು ಬಾಟಲಿ ನೀರು, ಪಂಚರ್ ಹಾಕುವ ಸಾಮಾನು. ಇವರು ಗೇಟಿನವರೆಗೆ ಬಂದು, "ಕಷ್ಟ ಆದ್ರೆ ಎಲ್ಲಿಂದಾದ್ರೂ ಫೋನ್ ಮಾಡು. ಸಂಜೆ ನಾನು ಶ್ರುತಿಯನ್ನು ಕರ್ಕೊಂಡು ಸುವೈಕ್‌ಗೆ ಬರ್ತೇನೆ," ಎಂದರು. ಅವರ ಮುಖದಲ್ಲಿ ಹೆದರಿಕೆ ಇತ್ತು. ಅದು ನನ್ನ ಬಗ್ಗೆಯೋ ಜನರ ಬಗ್ಗೆಯೋ ಎಂದು ಕೇಳುವ ವ್ಯವಧಾನ ನನಗಿರಲಿಲ್ಲ.

ಹೆದ್ದಾರಿ ಬಿಟ್ಟು ಆದಷ್ಟೂ ಊರೊಳಗಿನ ದಾರಿ ಹಿಡಿದೆ. ಬಿಸಿಲೇರುವ ಮೊದಲೇ ಬರ್ಕಾ ತಲುಪಿದೆ. ಕಡಲ ಬದಿಯಲ್ಲಿ ಮಣ್ಣಿನ ಬಣ್ಣದ ದೊಡ್ಡ ಕೋಟೆ, ಎದುರಿಗೆ ದೋಣಿಗಳು, ಬಲೆ ಬಿಡಿಸುವ ಬೆಸ್ತರು. ಕೋಟೆಯ ಬಾಗಿಲಿಗೆ ಒರಗಿ ಪುಂಡಿ ತಿಂದೆ. ಇಂಥ ಬಾಗಿಲುಗಳ ಮರ ನಮ್ಮ ಕರಾವಳಿಯ ಕಡೆಯಿಂದ ಹಡಗಿನಲ್ಲಿ ಬಂದದ್ದು ಎಂದು ಇಲ್ಲಿಯ ಹಳಬರು ಹೇಳುತ್ತಾರೆ. ಕೆಲಸ ಮಾಡಲು ಅನುಮತಿ ಇಲ್ಲ ಎಂಬ ಸೀಲನ್ನು ಆ ಮರಕ್ಕೆ ಯಾರೂ ಹೊಡೆದಿರಲಿಲ್ಲ. ಎಷ್ಟೋ ಕಾಲದಿಂದ ನಿಂತು ಕೆಲಸ ಮಾಡುತ್ತಿತ್ತು.

ಬರ್ಕಾ ದಾಟಿ ಸ್ವಲ್ಪ ಒಳಗೆ ಹೋದರೆ ಬೈತ್ ನಾಮಾನ್ ಎಂಬ ಇನ್ನೊಂದು ಕಟ್ಟಡ. ಹೆಸರಿಗೆ ಮನೆ, ನೋಡಲು ಕೋಟೆ. ಎದುರುಬದುರು ಮೂಲೆಗಳಲ್ಲಿ ದುಂಡನೆಯ ಬುರುಜು, ಸುತ್ತ ಬಯಲು. ಬೀಗ ಹಾಕಿತ್ತು. ಒಂದು ಸುತ್ತು ಹಾಕಿದೆ. ಒಂದು ಕಾರೂ ಇಲ್ಲ, ನನ್ನ ಚಕ್ರದ ಸದ್ದು ಮಾತ್ರ. ಹೆಜಮಾಡಿಯಲ್ಲಿ ಕೆಲಸ ಮುಗಿಸಿ ಸಂಜೆ ಹಿಂತಿರುಗುವಾಗ ಆಗುತ್ತಿದ್ದ ಖುಷಿ ಅಲ್ಲಿ ಆಯಿತು. ಅದು ಊರಿನದ್ದೆಂದು ತಿಳಿದಿದ್ದೆ. ಊರಿನದ್ದಲ್ಲ, ಸೈಕಲ್ಲಿನದ್ದು.

ಮುಸನ್ನಾ ದಾಟುವಾಗ ನಡುಮಧ್ಯಾಹ್ನ. ತೊಡೆ ಸೋತು ಹೋಗಿತ್ತು. ಎದುರುಗಾಳಿ ಬೇರೆ. ಅಲ್ಲೇ ಮುಂದಿನ ಚಕ್ರಕ್ಕೆ ಜಾಲಿಮುಳ್ಳು ಚುಚ್ಚಿ ಗಾಳಿ ಹೋಯಿತು. ಪಿಕಪ್ಪಿನವನೊಬ್ಬ ನಿಲ್ಲಿಸಿ, "ಯಲ್ಲಾ, ಹತ್ತು," ಎಂದು ಕರೆದ. ಬೇಡ ಎಂದು ಕೈ ಮುಗಿದು, ಸೈಕಲ್ ತಳ್ಳಿಕೊಂಡು ಹತ್ತಿರದ ತೋಟಕ್ಕೆ ಹೋದೆ. ಪಂಚರ್ ಎಲ್ಲಿ ಎಂದು ನೋಡಲು ಟ್ಯೂಬನ್ನು ಮುಳುಗಿಸುವಷ್ಟು ನೀರು ಬೇಕಿತ್ತು.

ಪಂಪಿನ ತೊಟ್ಟಿಯ ಬಳಿ ಒಬ್ಬ ಮುದುಕಿ, ಅವಳ ಸೊಸೆ ಪಾತ್ರೆ ತೊಳೆಯುತ್ತಿದ್ದರು. ಮುದುಕಿಯ ಮುಖಕ್ಕೆ ಈ ಕಡೆಯ ಹೆಂಗಸರು ಕಟ್ಟುವ, ಹಣೆ ಮೂಗು ಮುಚ್ಚುವ ಗಟ್ಟಿ ಬಟ್ಟೆಯ ಮರೆ. ಸೊಸೆಗೆ ಸಿನಿಮಾ ನೋಡಿ ಕಲಿತ ಹಿಂದಿ ಬರುತ್ತಿತ್ತು. ನಾನು ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಬಂದ ಜಾಗಕ್ಕೆ ಬೆರಳಿಟ್ಟು, ಉಜ್ಜಿ, ತೇಪೆ ಹಚ್ಚುವುದನ್ನು ಇಬ್ಬರೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದರು. ಆಮೇಲೆ ಖರ್ಜೂರ ಬಂತು, ಜೊತೆಗೆ ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಕಹ್ವಾ. ಹೊತ್ತು ಹೋಗುತ್ತಿತ್ತು. ಆದರೆ ಕಹ್ವಾ ಕುಡಿಯದೆ ಎದ್ದು ಬರುವಷ್ಟು ನಾನೂ ಮರ್ಯಾದೆಗೆಟ್ಟವಳಲ್ಲ.

ಏನು ಅವಸರ ಎಂದು ಸೊಸೆ ಕೇಳಿದಳು. ಪಂದ್ಯದ ಕಥೆ ಹೇಳಿದೆ. ಅವಳು ಅತ್ತೆಗೆ ಅರಬ್ಬಿಯಲ್ಲಿ ಹೇಳಿದಳು. ಮುದುಕಿ ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿ, ಪರದೇಶದವರಿಗೆ ತಿಳಿಯುವ ಹಾಗೆ ಬಿಡಿಬಿಡಿಯಾಗಿ ಕೇಳಿದಳು.

"ಸೇಕಲ್ ಮಾಲ್ ಮನ್?" ಸೈಕಲ್ ಯಾರದ್ದು?

"ಮಾಲ್ ಅನಾ," ಎಂದೆ. ನನ್ನದು.

"ಖಲಾಸ್," ಎಂದಳು. ಮುಗಿಯಿತು. ಎರಡು ಕೈಗಳನ್ನೂ ಒಂದಕ್ಕೊಂದು ತಟ್ಟಿ ಧೂಳು ಕೊಡವಿಕೊಂಡಳು.

ಆಮೇಲೆ ಇನ್ನೇನನ್ನೋ ಹೇಳುತ್ತಾ ಸುವೈಕ್ ದಿಕ್ಕಿಗೆ ಕೈ ತೋರಿಸಿದಳು. ಸೊಸೆ ಹಿಂದಿಯಲ್ಲಿ ತಿಳಿಸಿದಳು. ಅಲ್ಲಿಯ ಕೋಟೆಯನ್ನು ಹಿಂದೊಮ್ಮೆ ಒಬ್ಬ ಹೆಂಗಸು ಕಾಪಾಡಿದ್ದಳಂತೆ. ಮನೆಯ ಗಂಡಸು ಸೆರೆಯಲ್ಲಿದ್ದ. ಕೋಟೆ ಬಿಟ್ಟುಕೊಡು ಎಂದು ಹೊರಗೆ ಸೈನ್ಯ ನಿಂತಿತ್ತು. ಅವಳು ಬಾಗಿಲು ತೆರೆಯಲಿಲ್ಲ. "ನಮ್ಮ ಅತ್ತೆ ಕೇಳ್ತಿದ್ದಾಳೆ, ನೀನು ಯಾಕೆ ಬಾಗಿಲು ತೆರೆದೆ ಅಂತ," ಎಂದಳು ಸೊಸೆ.

ನಾನು ಸೈಕಲ್ ಹತ್ತಿದೆ. ಉಳಿದ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ. ನಾಚಿಕೆಯೂ ಆಯಿತು, ಸಿಟ್ಟೂ ಬಂತು, ಕಾಲಿಗೆ ಹೇಗೋ ಬಲವೂ ಬಂತು.

ಸುವೈಕ್ ಮುಟ್ಟಿದಾಗ ಸೂರ್ಯ ಇನ್ನೂ ಖರ್ಜೂರದ ಮರಗಳ ಮೇಲಿದ್ದ. ಪೇಟೆಯ ದಾರಿಯಲ್ಲಿ ಹೋದರೆ ಹತ್ತು ನಿಮಿಷಕ್ಕೆ ದಿವಾಕರಣ್ಣನ ಅಂಗಡಿ. ಬಾಂಗ್‌ಗೆ ಅರ್ಧ ಗಂಟೆಯಾದರೂ ಇತ್ತು. ಗೆಲ್ಲಬಹುದಿತ್ತು. ಗೆದ್ದರೆ ನಾಳೆಯಿಂದ ನಾನು ದಿವಾಕರಣ್ಣ ಒಪ್ಪಿಗೆ ಕೊಟ್ಟ ಸೈಕಲ್ಲನ್ನು ತುಳಿಯುತ್ತಿದ್ದೆ. ಕಡಲ ಕಡೆಯ ದಾರಿಗೆ ಹ್ಯಾಂಡಲ್ ತಿರುಗಿಸಿದೆ. ದಾರಿಯಲ್ಲಿ ಸಿಕ್ಕ ಮಲೆಯಾಳಿ ಅಂಗಡಿಯವರೊಬ್ಬರಿಗೆ, "ಬಟ್ಟೆ ಅಂಗಡಿಯ ದಿವಾಕರ್ ಅವರಿಗೆ ಹೇಳಿ, ನಾನು ಕೋಟೆಯ ಹತ್ತಿರ ಇದ್ದೇನೆ," ಎಂದು ಹೇಳಿ ಮುಂದೆ ಹೋದೆ.

ಕೋಟೆ ದೊಡ್ಡದೇನಲ್ಲ. ಮೈಯೆಲ್ಲ ಸವೆದ ಗೋಡೆ, ಬುರುಜಿನಲ್ಲಿ ಪಾರಿವಾಳ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಬೂಟು ಬಿಚ್ಚಿ, ಕಾಲು ಚಾಚಿ ಕೂತೆ. ಬಾಂಗ್ ಕೇಳಿತು. ಕೂತೇ ಇದ್ದೆ. ಆಮೇಲೆ ಕಾರು ಬಂತು. ದಿವಾಕರಣ್ಣ, ಇವರು, ಶ್ರುತಿ ಇಳಿದರು.

"ಮಮ್ಮಿ, ಯು ಆರ್ ಲೇಟ್," ಎಂದಳು ಶ್ರುತಿ.

"ಎಂತ ವಿಮಲಕ್ಕ, ಬೇಗ ಬಂದಿದ್ರಂತೆ, ಅಂಗಡಿಗೆ ಯಾಕೆ ಬರ್ಲಿಲ್ಲ?" ದಿವಾಕರಣ್ಣನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಲೆಕ್ಕದಲ್ಲಿ ನೀವು ಸೋತ ಹಾಗಾಯ್ತಲ್ಲ. ಈಗ ಸೈಕಲ್?"

"ಸೈಕಲ್ ನನ್ನದು ದಿವಾಕರಣ್ಣ. ಅದನ್ನು ಪಂದ್ಯಕ್ಕೆ ಇಟ್ಟದ್ದು ನನ್ನ ತಪ್ಪು, ವಾಪಸ್ ತಗೊಂಡಿದ್ದೇನೆ. ಖಲಾಸ್."

"ಹಾಗೆ ಮಾತು ತಪ್ಪಿದ್ರೆ ಹೇಗೆ?"

"ತಪ್ಪಿದ್ದೇನೆ. ಊರಿಗೆಲ್ಲ ಹೇಳಿ."

ಅವರು ಇವರ ಕಡೆ ನೋಡಿದರು. ಇವರು ಈ ಸಲ ಕೆಳಗೆ ನೋಡಲಿಲ್ಲ. ಸೈಕಲ್ಲಿನ ಬಳಿ ಹೋಗಿ, ಚೈನಿನ ಕಪ್ಪೆಣ್ಣೆ ಇಸ್ತ್ರಿ ಅಂಗಿಗೆ ಮೆತ್ತುವುದನ್ನೂ ಲೆಕ್ಕಿಸದೆ ಅದನ್ನು ಎತ್ತಿ ಕಾರಿನ ಡಿಕ್ಕಿಗೆ ಇಟ್ಟು ಹಗ್ಗ ಬಿಗಿದರು. "ನಾಳೆ ಕಾರು ತೊಳಿಲಿಕ್ಕೆ ಉಂಟು," ಎಂದಷ್ಟೇ ಹೇಳಿದರು. ನನ್ನ ಕಣ್ಣು ತುಂಬಿತು. ಅಡಗಿಸಲಿಲ್ಲ.

ಇದಾಗಿ ಎಷ್ಟೋ ವರ್ಷವಾಯಿತು. ಈಗ ತೊಂಬತ್ತರ ದಶಕ, ಅಲ್ ಹೈಲ್‌ನಲ್ಲಿ ಮನೆಗಳು ಹೆಚ್ಚಾಗಿವೆ, ತೋಟದ ಓಣಿಗಳು ಕಡಿಮೆಯಾಗಿವೆ. ನಾನು ಇನ್ನೂ ಸೈಕಲ್ ತುಳಿಯುತ್ತೇನೆ. ಮೀನಿನವನ ಮಗ ನನ್ನನ್ನು ಕಂಡರೆ ಹೆಸರು ಹಿಡಿದು ಕರೆಯುತ್ತಾನೆ. ಪಾಸ್‌ಪೋರ್ಟಿನಲ್ಲಿ ಸೀಲು ಮಾತ್ರ ಹಾಗೆಯೇ ಇದೆ. ಇವರ ಕೆಲಸ ಮುಗಿದ ದಿನ ಈ ದೇಶ ನನ್ನನ್ನು ಇಟ್ಟುಕೊಳ್ಳುವುದಿಲ್ಲ, ಅದು ನನಗೆ ಗೊತ್ತು.

ಹೋದ ರಜೆಯಲ್ಲಿ ಊರಿಗೆ ಹೋದಾಗ ಎಂದಿನಂತೆ ಮೊದಲು ಜಗಲಿಯ ಮೂಲೆ ನೋಡಿದೆ. ಖಾಲಿ. ತಮ್ಮ ಸಹಜವಾಗಿ ಹೇಳಿದ, "ಅದಾ, ಕೊಟ್ಟುಬಿಟ್ಟೆ ಅಕ್ಕ. ಮಸ್ಕತ್ತಲ್ಲಿ ಇರುವವಳಿಗೆ ಇನ್ನು ಸೈಕಲ್ ಎಂತಕ್ಕೆ ಅಂತ. ಎಲ್ಲಿಗೆ ಹೋಗ್ಬೇಕು ಹೇಳು, ಕಾರು ತರಿಸ್ತೇನೆ." ಅವನದು ಪ್ರೀತಿಯೇ. ಆದರೆ ಎದೆಗೆ ಯಾರೋ ಗುದ್ದಿದ ಹಾಗಾಯಿತು. ಏನನ್ನೂ ಕೊಡದ ದೇಶದಲ್ಲಿ ನನ್ನದನ್ನು ನಾನು ಉಳಿಸಿಕೊಂಡಿದ್ದೆ, ಹುಟ್ಟಿದ ಮನೆಯಲ್ಲಿ ಕೇಳದೆ ಕೊಟ್ಟುಬಿಟ್ಟಿದ್ದರು. ಮರುದಿನ ಬಸ್ಸು ಹತ್ತಿ ಮೂಲ್ಕಿಗೆ ಹೋಗಿ ಹೊಸ ಸೈಕಲ್ ತೆಗೆದುಕೊಂಡು, ಅದರಲ್ಲೇ ಮನೆಗೆ ಬಂದೆ. ರಜೆಯಿಡೀ ಹೆಜಮಾಡಿಯ ದಾರಿಗಳಲ್ಲಿ ತುಳಿದೆ. "ಗಲ್ಫಿನವರಿಗೆ ಎಂತ ಬಂತು," ಎಂದು ಜನ ನಿಂತು ನೋಡಿದರು. ಹೊರಡುವ ದಿನ ಅದನ್ನು ಅದೇ ಮೂಲೆಯಲ್ಲಿ ನಿಲ್ಲಿಸಿ, ಬೀಗ ಹಾಕಿ, ಕೀಲಿ ಜೊತೆಗೆ ತಂದೆ.

ಮೊನ್ನೆ ತಮ್ಮನ ಕಾಗದ ಬಂತು. ಜಗಲಿಯಲ್ಲಿ ಅಡ್ಡವಾಗುತ್ತದೆ, ಬೀಗದ ಕೀಲಿ ಕಳಿಸು ಎಂದು ಬರೆದಿದ್ದಾನೆ. ನಾನು ಕಳಿಸಿಲ್ಲ.