ರಟ್ಟಿನ ಹಿಂದಿನ ದಾಳ

ಆ ಓಣಿಯಲ್ಲಿ ಯಾರ ತೋಳು ಎಷ್ಟುದ್ದ, ಯಾರ ಹೊಟ್ಟೆ ಕಳೆದ ವರ್ಷಕ್ಕಿಂತ ಎಷ್ಟು ಮುಂದೆ ಬಂದಿದೆ ಎಂಬುದೆಲ್ಲ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ದರ್ಜಿ. ಅವನ ಕೊರಳಿಂದ ಅಳತೆಯ ಟೇಪು ಇಳಿದದ್ದನ್ನು ಕಂಡವರಿರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಟೇಪಣ್ಣ. ಗಿರಾಕಿಯ ಸೊಂಟದ ಅಳತೆಯನ್ನು ಎಂದೂ ಗಟ್ಟಿಯಾಗಿ ಹೇಳಿದವನಲ್ಲ, ಮಿಕ್ಕ ಬಟ್ಟೆಯ ತುಂಡನ್ನೂ ಮಡಿಸಿ ವಾಪಸ್ ಕೊಡುವವನು. ಇಂಥ ಒಳ್ಳೆಯ ಹೆಸರು ಸಂಪಾದಿಸಿದ್ದ ಮನುಷ್ಯ ಒಂದು ಭಾನುವಾರ ಮಧ್ಯಾಹ್ನ ಸ್ವಂತ ಅಕ್ಕನ ಮುಂದೆ ತಲೆ ಎತ್ತಲಾರದಂತಾದ. ಅದೂ ಒಂದು ಆಟದಲ್ಲಿ.

ಆಟವೆಂದರೆ ಇಸ್ಪೀಟಲ್ಲ, ಚದುರಂಗವೂ ಅಲ್ಲ. ನಾಲ್ಕು ಜನ ಮೇಜಿನ ಸುತ್ತ ಕೂತು ಒಂದು ಕಥೆಯನ್ನೇ ಆಡುವುದು. ಒಬ್ಬ ನಡೆಸುವವನು. ಊರು, ಹೊಳೆ, ಕಳ್ಳರು, ಕಾವಲುಗಾರರು ಎಲ್ಲ ಅವನ ಬಾಯಿಂದಲೇ ಹುಟ್ಟಬೇಕು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ "ನಾನು ಹೀಗೆ ಮಾಡ್ತೀನಿ" ಎನ್ನುತ್ತಾರೆ. ಆದೀತೋ ಇಲ್ಲವೋ ಎಂಬ ಅನುಮಾನ ಬಂದರೆ ದಾಳ ಉರುಳಿಸುವುದು. ಐದೋ ಆರೋ ಬಿದ್ದರೆ ಆದಂತೆ, ಒಂದೋ ಎರಡೋ ಬಿದ್ದರೆ ಕೆಟ್ಟಂತೆ, ನಡುವಿನದು ಬಿದ್ದರೆ ಅರೆಬರೆ ಆದಂತೆ.

ಟೇಪಣ್ಣನೇ ನಡೆಸುವವನು. ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜೇ ಅವರ ಅಂಗಳ. ಬಸ್ಸಿನ ಕಂಡಕ್ಟರು ಕಳ್ಳನ ಪಾತ್ರ ಹಿಡಿದಿದ್ದ. ವಾರವಿಡೀ ಜನರ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸಮ್ಮ, "ಒಂದಿನಾದ್ರೂ ನಾನು ಗಾಯ ಮಾಡ್ಬೇಕು" ಎಂದು ಸಿಪಾಯಿಯಾಗಿದ್ದಳು. ಇನ್ನೊಬ್ಬಳು ಟೇಪಣ್ಣನ ಅಕ್ಕ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದವಳು. ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಷ್ಟು ಕಮ್ಮಿ ಮಾತು. ಆಟದಲ್ಲಿ ಅವಳು ದೋಣಿ ನಡೆಸುವವಳು. ಅವಳ ಮಗಳನ್ನು ಹೊಳೆಯಾಚೆಯ ಕೋಟೆಯಲ್ಲಿ ಸೆರೆಯಿಟ್ಟಿದ್ದಾರೆ, ಬಿಡಿಸಿ ತರಬೇಕು.

ಟೇಪಣ್ಣನ ಪದ್ಧತಿ ಏನೆಂದರೆ, ಮೊದಲು ಸೀಮೆಸುಣ್ಣದ ಗೆರೆ, ಆಮೇಲೆ ಕತ್ತರಿ. ಕಥೆಗೂ ಅದನ್ನೇ ಅಂಟಿಸಿದ್ದ. ವಾರವೆಲ್ಲ ಕೂತು ನೋಟ್‌ಬುಕ್ಕಿನಲ್ಲಿ ಮುಂದೆ ಏನೇನಾಗಬೇಕೆಂದು ಬರೆಯುತ್ತಿದ್ದ. ದೋಣಿಯವಳ ಮಗಳು ಹತ್ತನೇ ವಾರಕ್ಕೆ ಸೆರೆಯಲ್ಲೇ ಸಾಯಬೇಕು, ಕೂತವರೆಲ್ಲ ಕಣ್ಣು ಒರೆಸಿಕೊಳ್ಳಬೇಕು ಎಂದು ಅದರಲ್ಲಿತ್ತು. ಗೆರೆ ತಪ್ಪಬಾರದಲ್ಲ, ಅದಕ್ಕೆ ಶರ್ಟಿನ ಡಬ್ಬದ ರಟ್ಟಿನ ಮುಚ್ಚಳವನ್ನು ಮುಂದೆ ಅಡ್ಡ ನಿಲ್ಲಿಸಿ, ಎಲ್ಲರ ಪಾಲಿನ ದಾಳವನ್ನೂ ಅದರ ಹಿಂದೆ ತಾನೇ ಉರುಳಿಸುತ್ತಿದ್ದ.

ಅಕ್ಕ ಏನೇನು ಮಾಡಲಿಲ್ಲ! ಕೋಟೆಯ ರಾತ್ರಿಯಡುಗೆಯವಳ ಸ್ನೇಹ ಮಾಡಿದಳು. ಗೋಡೆಯ ಕೆಳಗೆ ಅಗೆದಳು. ಒಗೆಯುವ ಬಟ್ಟೆಯ ಗಂಟಿನಲ್ಲಿ ಅಡಗಿ ಒಳಗೆ ಹೋಗುವ ಉಪಾಯ ತೆಗೆದಳು. ಪ್ರತಿ ಸಲವೂ ರಟ್ಟಿನ ಹಿಂದಿನಿಂದ ಒಂದೇ ಮಾತು: "ಎರಡು ಬಿತ್ತು ಅಕ್ಕ, ಆಗ್ಲಿಲ್ಲ."

"ಹೋಗ್ಲಿ ಬಿಡೋ," ಎನ್ನುತ್ತಿದ್ದಳು ಅವಳು. "ನನ್ನ ಕೈಗುಣವೇ ಅಷ್ಟು."

ಒಂಬತ್ತನೇ ವಾರ ಅವಳು ಕೋಟೆಯ ಬಾಗಿಲಿಗೇ ಹೋಗಿ ಕಾವಲುಗಾರನನ್ನು ಕೇಳಿದಳು: "ಅಪ್ಪಾ, ನಿನಗೂ ಮಗಳಿದ್ದಾಳಾ?"

ಕಂಡಕ್ಟರು ಬಾಯಿಗೆತ್ತಿದ್ದ ಚಹಾದ ಲೋಟವನ್ನು ಕೆಳಗಿಟ್ಟ. ನೋಟ್‌ಬುಕ್ಕಿನಲ್ಲಿ ಇಂಥ ಪ್ರಶ್ನೆ ಇರಲಿಲ್ಲ. ಟೇಪಣ್ಣ ದಾಳ ಉರುಳಿಸಿದ. ಆರು. "ಎರಡು," ಎಂದ.

"ಥೂ ಇದರ!" ಎಂದು ಕಂಡಕ್ಟರು ಮೇಜಿಗೆ ಗುದ್ದಿದ. ರಟ್ಟು ಅಂಗಾತ ಬಿತ್ತು. ಆರು ಚುಕ್ಕೆಯೂ ಮೇಲೆ ಮುಖ ಮಾಡಿ ಎಲ್ಲರನ್ನೂ ನೋಡಿದವು.

"ಟೇಪಣ್ಣ, ಇದ್ಯಾವೂರ ಎರಡು?" ಎಂದ ಕಂಡಕ್ಟರು. "ಆರು ಜನಕ್ಕೆ ಎರಡು ಟಿಕೆಟ್ ಹರಿದ್ರೆ ನನ್ನ ಕೆಲ್ಸಾನೇ ಹೋಗುತ್ತೆ ಮಾರಾಯ!"

ಯಾರೂ ನಗಲಿಲ್ಲ. ಅಕ್ಕ ದಾಳವನ್ನೇ ನೋಡುತ್ತ ಕೇಳಿದಳು: "ಎಲ್ಲಾ ಸಲಾನೂ ಹೀಗೇನಾ?"

"ಅಕ್ಕಾ, ಕಥೆ ಚೆನ್ನಾಗಿ ಬರ್ಲಿ ಅಂತ..."

"ನನ್ನ ಕೈಗುಣಾನೇ ಸರಿಯಿಲ್ಲ ಅಂದ್ಕೊಂಡಿದ್ದೆ ಕಣೋ." ಅಷ್ಟೇ ಹೇಳಿ ಚೀಲ ತೆಗೆದುಕೊಂಡು, ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಟುಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂದಿನಿಂದ ಟೇಪಣ್ಣನಿಗೆ ಮುಖ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅಂಗಡಿಯ ಷಟರು ಅರ್ಧಕ್ಕೆ ನಿಂತಿತು. ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೋಗುವ ಹೊತ್ತಿಗೆ ಮಿಷಿನ್ನಿನ ಕೆಳಗೆ ಬಗ್ಗಿ, ಬೀಳದ ಗುಂಡಿಯನ್ನು ಹುಡುಕುತ್ತಿದ್ದ. ಒಬ್ಬ ಮೇಷ್ಟ್ರ ಶರ್ಟಿಗೆ ಎರಡೂ ಎಡತೋಳು ಹೊಲಿದುಬಿಟ್ಟ.

ಒಂದು ಆಟಕ್ಕೆ ಇಷ್ಟೇಕೆ ಎಂದು ನೀವು ಕೇಳಬಹುದು. ನಾಚಿಕೆ ಬಂದರೆ ಒಂಟಿಯಾಗಿ ಬರುವುದಿಲ್ಲ, ಹಳೆಯದನ್ನೂ ಕೈಹಿಡಿದು ಕರೆತರುತ್ತದೆ. ಮೂರು ವರ್ಷದ ಹಿಂದೆ ಆಸ್ಪತ್ರೆಯ ಮೇಲಧಿಕಾರಿ ಪ್ಯಾಂಟು ಹೊಲಿಸಲು ಬಂದಿದ್ದರು. "ನಿಮ್ಮಕ್ಕನ್ನ ಲಾಂಡ್ರಿಯ ಮುಖ್ಯಸ್ಥೆ ಮಾಡೋಣ ಅಂತಿದ್ದೀನಿ, ಏನಂತೀರಿ?" ಎಂದು ಕೇಳಿದ್ದರು. ಅಕ್ಕನನ್ನು ಒಂದು ಮಾತು ಕೇಳದೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇವನು ಹೇಳಿದ್ದ: "ಅಯ್ಯೋ, ಅವಳಿಗೆ ಅದೆಲ್ಲ ಆಗಲ್ಲ ಸಾರ್." ಅಲ್ಲಿ ದಾಳವನ್ನೂ ಉರುಳಿಸಿರಲಿಲ್ಲ.

ಆರು ವಾರ ಕಳೆದ ಮೇಲೆ ನರ್ಸಮ್ಮ ಯೂನಿಫಾರ್ಮ್ ಒಯ್ಯಲು ಬಂದಳು.

"ಬುಧವಾರ ಸಂಜೆ ನಮ್ಮ ಆಸ್ಪತ್ರೆ ಇಸ್ತ್ರಿ ಕೋಣೆಗೆ ಬನ್ನಿ. ನಾವೊಂದು ಆಟ ಶುರು ಮಾಡಿದ್ದೀವಿ."

"ಯಾವ ಮುಖ ಇಟ್ಕೊಂಡು ಬರ್ಲಿ?"

"ಇರೋದೊಂದೇ ಅಲ್ವಾ, ಅದನ್ನೇ ಇಟ್ಕೊಂಡು ಬನ್ನಿ. ಇದು ಬೇರೆ ಥರದ ಆಟ. ನಡೆಸೋರು ಏನೂ ಬರ್ಕೊಂಡು ಬರಲ್ಲ, ಕೇಳ್ತಾ ಹೋಗ್ತಾರೆ ಅಷ್ಟೆ. ದಾಳಾನೂ ಅವ್ರು ಮುಟ್ಟಲ್ಲ, ಆಡೋರೇ ಉರುಳಿಸ್ಬೇಕು. ಕಮ್ಮಿ ಬಿದ್ರೂ ಕಥೆ ನಿಲ್ಲಬಾರದು, ಬೇರೆ ದಾರಿ ಹಿಡೀಬೇಕು."

"ಹಾಗಾದ್ರೆ ಕೊನೆಗೆ ಏನಾಗುತ್ತೆ ಅಂತ ನಡೆಸೋರಿಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ಅದಕ್ಕೇ ಅವ್ರೂ ಬಾಯ್ಬಿಟ್ಕೊಂಡು ಕೂತಿರ್ತಾರೆ."

ಬುಧವಾರ ಹೋಗಿ ಇಸ್ತ್ರಿ ಕೋಣೆಯ ಬಾಗಿಲಲ್ಲೇ ನಿಂತ. ಒಳಗೆ ಬಿಸಿ ಬಟ್ಟೆಯ ವಾಸನೆ. ಮಡಿಸಿಟ್ಟ ಹಾಸುಬಟ್ಟೆಗಳ ನಡುವೆ ನರ್ಸಮ್ಮ, ಕಂಡಕ್ಟರು. ಅವರ ಎದುರಿಗೆ, ನಡೆಸುವವಳ ಜಾಗದಲ್ಲಿ, ಅಕ್ಕ. ಕೈ ತಿರುವಿ, ಹುಬ್ಬೇರಿಸಿ, ಗಟ್ಟಿಯಾಗಿ ಮಾತಾಡುತ್ತಿದ್ದಳು!

"ಬೇಲಿ ಹಾರುವಾಗ ಮೂರು ಬಿತ್ತಲ್ಲ ಕಂಡಕ್ಟ್ರೇ, ದಾಟಿದ್ರಿ, ಆದ್ರೆ ಏನೋ ಒಂದು ಆಚೆ ಕಡೆ ಬಿತ್ತು. ಏನದು? ನೀವೇ ಹೇಳಿ."

"ನಾನ್ಯಾಕೆ ಹೇಳ್ಲಿ, ನಷ್ಟ ನನಗೇ ಅಲ್ವಾ!"

"ಅದಕ್ಕೇ ನಿಮ್ಮನ್ನ ಕೇಳಿದ್ದು."

ಕೋಣೆಯೆಲ್ಲ ನಗು. ಅವಳ ಈ ದನಿಯನ್ನು ಟೇಪಣ್ಣ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಥವಾ ಕೇಳುವಷ್ಟು ಹೊತ್ತು ತಾನು ಸುಮ್ಮನಿರಲಿಲ್ಲವೋ ಏನೋ. ತಿರುಗಿ ಹೊರಡಬೇಕೆನ್ನುವಷ್ಟರಲ್ಲಿ ಅಕ್ಕ ನೋಡಿಬಿಟ್ಟಳು.

"ಬಾಗಿಲಲ್ಲಿ ನಿಂತು ಯಾರ ಅಳತೆ ತಗೋತಿದ್ದೀಯ?"

"ಅಕ್ಕಾ," ಎಂದ. ಎಲ್ಲರ ಎದುರಿಗೇ ಹೇಳಬೇಕು, ಇಲ್ಲದಿದ್ದರೆ ಇನ್ನು ಹೇಳಲಾರೆ ಎನಿಸಿತು. "ಎಲ್ಲಾ ಸಲಾನೂ ಸುಳ್ಳು ಹೇಳಿದ್ದೆ. ನಿನಗೆ ಬಿದ್ದಿದ್ದು ಒಳ್ಳೆ ಒಳ್ಳೆ ದಾಳ. ಇನ್ನೂ ಒಂದಿದೆ. ಮೂರು ವರ್ಷದ ಹಿಂದೆ ನಿಮ್ಮ ಸಾಹೇಬ್ರು ಪ್ಯಾಂಟಿಗೆ ಬಂದಾಗ..."

"ಗೊತ್ತು," ಎಂದಳು ಅಕ್ಕ. "ಅವ್ರೇ ಹೇಳಿದ್ರು. ಮಾರನೇ ದಿನವೇ."

ಮೂರು ವರ್ಷ! ಆ ಮೂರು ವರ್ಷವೂ ಅವಳು ದಿನಾ ಅಂಗಡಿಯ ಮುಂದೆ ಹಾದುಹೋಗುತ್ತ "ತಿಂಡಿ ಆಯ್ತೇನೋ" ಎಂದು ಕೇಳಿದ್ದಳು. ನೆಲ ಬಾಯಿಬಿಟ್ಟರೆ ಟೇಪಣ್ಣ ಅಲ್ಲೇ ಇಳಿದುಬಿಡುತ್ತಿದ್ದ.

"ಯಾಕೆ ನನ್ನ ಕೇಳ್ಲಿಲ್ಲ ನೀನು?" ಎಂದ.

"ನೀನು ಹೇಳ್ತೀಯೇನೋ ಅಂತ ಕಾದೆ. ನೀನು ತಡ ಮಾಡ್ಬಿಟ್ಟೆ. ಆ ಜಾಗಕ್ಕೆ ಈಗ ಬೇರೆಯವ್ರು ಬಂದಾಗಿದೆ." ಅವಳ ದನಿಯಲ್ಲಿ ಸಿಟ್ಟಿತ್ತು, ಅದನ್ನು ಮುಚ್ಚಲೂ ಇಲ್ಲ. ಆದರೂ ಒಂದು ಸ್ಟೂಲನ್ನು ಕಾಲಿಂದ ಮುಂದಕ್ಕೆ ನೂಕಿದಳು. "ಕೂತ್ಕೋ. ಇಲ್ಲಿ ಆಟಕ್ಕೆ ಸೇರೋರನ್ನ ಮೊದಲು ಒಂದು ಮಾತು ಕೇಳ್ತೀವಿ. ಈ ಕಥೇಲಿ ನಿನಗೆ ಏನು ಆಗೋದು ಬೇಡ?"

ಒಂಬತ್ತು ವಾರದಲ್ಲಿ ಟೇಪಣ್ಣ ಒಮ್ಮೆಯೂ ಯಾರನ್ನೂ ಕೇಳದ ಪ್ರಶ್ನೆ ಅದು.

"ಯಾರೂ ನನಗೆ ಮೋಸ ಮಾಡೋದು ಬೇಡ ಅಂತ ಕೇಳೋಣ ಅಂದ್ರೆ..." ಎಂದು ತಲೆ ತಗ್ಗಿಸಿದ, "ಯಾವ ಬಾಯಲ್ಲಿ ಕೇಳ್ಲಿ?"

"ಕೇಳಾಯ್ತಲ್ಲ," ಎಂದಳು ಅಕ್ಕ. ಪೆನ್ಸಿಲ್ ತೆಗೆದುಕೊಂಡು ಬರೆದುಕೊಂಡಳು. ನಿಧಾನವಾಗಿ, ಒಂದಕ್ಷರವೂ ಬಿಡದೆ ಬರೆದುಕೊಂಡಳು.